ಮೂವತ್ತೆರಡು ಬೈಟಿನ ನಾಮಕರಣ

ಅಂಗಡಿಯಿಂದ ಬರುವ ವೈಫೈ ರೌಟರಿಗೆ ಹುಟ್ಟುಹೆಸರೊಂದು ಇದ್ದೇ ಇರುತ್ತದೆ: ಮುಂದೆ ಕಂಪನಿಯ ಹೆಸರು, ಬಾಲಕ್ಕೆ ನಾಲ್ಕಾರು ಅಂಕಿ, ಅಕ್ಷರ. ಅದನ್ನು ಹಾಗೇ ಬಿಟ್ಟರೂ ಇಂಟರ್‌ನೆಟ್ ಬರುತ್ತದೆ. ಆದರೆ ನಮ್ಮ ಜನ ಬಿಟ್ಟಾರೆಯೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫೋನು ತೆರೆದು ಪಟ್ಟಿ ನೋಡಿದರೆ ‘ಅಪ್ಪನ ದುಡ್ಡು’, ‘ಕೇಳ್ಬೇಡಿ ಕೊಡಲ್ಲ’, ‘ಬಾಡಿಗೆ ಮೊದಲು ಕೊಡಿ’ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ನಿಂತಿರುತ್ತವೆ. ಮೆಟ್ಟಿಲ ಮೇಲೆ ಸಿಕ್ಕಾಗ ಕೈಮುಗಿಯುವ ಸಂಭಾವಿತರ ಮನಸ್ಸಿನೊಳಗೆ ಏನಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರು ಮಾತ್ರ ಹಟ ಹಿಡಿದರು. ಬಾಗಿಲ ಮೇಲೆ ಹಿತ್ತಾಳೆಯಲ್ಲಿ ‘ಶ್ರೀ ಮಂಜುನಾಥ ಕೃಪಾ’ ಎಂದಿದೆಯಲ್ಲ, ವೈಫೈಗೂ ಅದೇ ಹೆಸರು, ಅದೂ ಕನ್ನಡದಲ್ಲೇ. ಎಷ್ಟೋ ರೌಟರುಗಳು ಕನ್ನಡ ಕಂಡರೆ ಮುಖ ತಿರುಗಿಸುತ್ತವೆ. ಇವರದು ಒಪ್ಪಿತು, ಆದರೆ ಅರ್ಧಕ್ಕೇ ನಿಂತಿತು. ಹೆಸರಿಗೆ ಇರುವ ಜಾಗ 32 ಬೈಟು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ್ದಕ್ಕೆ ಮೂರು, ಮೇಲಾಗಿ ಕೊಂಬು, ಗುಡಿಸು, ಒತ್ತುಗಳಿಗೆಲ್ಲ ಬೇರೆ ಲೆಕ್ಕ. ನಮ್ಮ ಕಣ್ಣಿಗೆ ಒಂದೇ ಆದ ‘ಶ್ರೀ’ ಅದರ ಪಾಲಿಗೆ ನಾಲ್ಕು ತುಂಡು, 12 ಬೈಟು. ‘ಕೃಪಾ’ ತೆಗೆದರೆ ಎರಡು ಬೈಟು ಹೆಚ್ಚು. ‘ಶ್ರೀ’ ತೆಗೆದು ‘ಕೃಪಾ’ ಉಳಿಸಿಕೊಂಡರೂ ಅದೇ ಎರಡು ಬೈಟು ಹೆಚ್ಚು.

“‘ಶ್ರೀ ಮಂಜು’ ಅಂತ ಇಟ್ರೆ ಹಿಡಿಸುತ್ತೆ ಮೇಷ್ಟ್ರೇ” ಎಂದೆ.

“ಅದು ದೇವರ ಹೆಸರಲ್ಲ ಕಣ್ರೀ, ಹಿಂದಿನ ರಸ್ತೆ ಸ್ಕೂಟರ್ ಮೆಕ್ಯಾನಿಕ್‌ದು” ಎಂದರು.

ಕೊನೆಗೆ ‘ಶ್ರೀ ಕೃಪಾ’ ಎಂದಾಯಿತು. ಯಾರ ಕೃಪೆ ಎಂಬುದನ್ನು ನೋಡಿದವರು ಊಹಿಸಿಕೊಳ್ಳಬೇಕು.

ಇಷ್ಟು ಕಷ್ಟಪಟ್ಟು ಇಟ್ಟ ಹೆಸರನ್ನು ಬಚ್ಚಿಡುವ ಸೌಲಭ್ಯವೂ ರೌಟರಿನ ಸೆಟ್ಟಿಂಗ್ ಪುಟದಲ್ಲಿದೆ. ಅದಕ್ಕೆ ಟಿಕ್ ಹಾಕಿದರೆ ಕಳ್ಳರಿಗೆ ಕಾಣುವುದಿಲ್ಲ ಎಂಬುದು ಮೇಷ್ಟ್ರ ಅಳಿಯನ ವಾದ. ರೌಟರು ಬಾಯಿ ಮುಚ್ಚುತ್ತದೆ, ನಿಜ. ಆಗ ಫೋನು ಬಾಯಿ ತೆರೆಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಛತ್ರದಲ್ಲಿ, ಹೋದಲ್ಲೆಲ್ಲ ‘ಶ್ರೀ ಕೃಪಾ ಇದೀಯಾ?’ ಎಂದು ಕೂಗಿಕೊಂಡು ತಿರುಗುತ್ತದೆ. ನಾನು ಆ ಟಿಕ್ಕನ್ನು ತೆಗೆಸಿದೆ.

ಹೆಸರು ಮನೆಯದಾದರೆ, ರೌಟರು ಮಾತಾಡುವ ಚಾನೆಲ್ಲಿನ ವಿಷಯ ನೆರೆಹೊರೆಯದು. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶಕ್ಕೆ 13 ಚಾನೆಲ್‌ಗಳಿದ್ದರೂ, ಒಂದಕ್ಕೊಂದು ತಾಗದಂತೆ ಕೂರಲು 1, 6, 11 ಎಂಬ ಮೂರನ್ನೇ ನಂಬುವುದು ವಾಡಿಕೆ. ಖಾಲಿ ಕಂಡಿತೆಂದು 3ರಲ್ಲಿ ಹೋಗಿ ಕೂರುವವರು ಬಸ್ಸಿನ ಎರಡು ಸೀಟಿನ ಸಂದಿಯಲ್ಲಿ ಕೂತವರಂತೆ, ಅತ್ತ ಇತ್ತ ಇಬ್ಬರಿಗೂ ಹಿಂಸೆ, ತಮಗೂ ಸುಖವಿಲ್ಲ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ಕಂಡರೆ ಸುಸ್ತಾಗುತ್ತದೆ.

ದೇವರ ಹೆಸರಿಗೆ ಇಷ್ಟೆಲ್ಲ ಜಿಪುಣತನ ಮಾಡಿದ ರೌಟರು ಬೀಗಕ್ಕೆ ಮಾತ್ರ ಉದಾರಿ. ಡಬ್ಲ್ಯೂಪಿಎ2 ಪಾಸ್‌ವರ್ಡಿಗೆ ಕನಿಷ್ಠ 8, ಗರಿಷ್ಠ 63 ಅಕ್ಷರ, ಆದರೆ ಕನ್ನಡ ಸಲ್ಲದು. ಎಂಟು ಎಂದ ಕೂಡಲೇ ಎಲ್ಲರಿಗೂ ಮಗುವಿನ ಹುಟ್ಟಿದ ತಾರೀಕು ನೆನಪಾಗುತ್ತದೆ. ಅದು ಬೀದಿಗೆಲ್ಲ ಗೊತ್ತಿರುವ ಗುಟ್ಟು, ಕೇಕು ಹಂಚಿದವರು ನಾವೇ ಅಲ್ಲವೆ? ಮೇಷ್ಟ್ರು ಒಂದು ಇಡೀ ಗಾದೆಯನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಸಂದಿಯಿಲ್ಲದೆ ಪೋಣಿಸಿದರು. ಅವರ ಮನೆಯಲ್ಲಿ ಈಗ ವೈಫೈ ಬೇಕೆಂದ ನೆಂಟರಿಗೆಲ್ಲ ದೀರ್ಘಕ್ಕೆ ಎರಡು ಎ, ಮಹಾಪ್ರಾಣಕ್ಕೆ ಎಚ್ ಎಂದು ಪಾಠ ನಡೆಯುತ್ತದೆ. ಕೆಲವರು ತಮ್ಮ ಡೇಟಾವನ್ನೇ ಬಳಸಿಕೊಳ್ಳುತ್ತಾರೆ.

ನೀವು ಹೆಸರು ಏನಾದರೂ ಇಟ್ಟುಕೊಳ್ಳಿ. ಆದರೆ ವೈಫೈಯ ಪಾಸ್‌ವರ್ಡ್ ಬೇರೆ, 192.168.1.1 ಎಂದೋ 192.168.0.1 ಎಂದೋ ಒತ್ತಿದಾಗ ತೆರೆಯುವ ಸೆಟ್ಟಿಂಗ್ ಪುಟದ ಪಾಸ್‌ವರ್ಡ್ ಬೇರೆ. ಹಳೆಯ ರೌಟರಾದರೆ ಆ ಎರಡನೆಯದು ಇನ್ನೂ ‘ಅಡ್ಮಿನ್’ ಎಂದೇ ಇರಬಹುದು. ಇವತ್ತು ಸಂಜೆಯೇ ಒಮ್ಮೆ ನೋಡಿ, ಬದಲಾಯಿಸಿಬಿಡಿ.