ಬತ್ತಿ ಸಾಬ್

ಬೀದರಿನ ಪಕ್ಕದ ನಮ್ಮ ಅಷ್ಟೂರಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ಒಂದು ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಕಳೆಯಲೇಬೇಕು. ಇಂಥ ಊರಿನವನು ಸರಕಿನ ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್ ಆಗಿದ್ದಾನೆ ಅಂದರೆ ಜನ ನಂಬಲಿಕ್ಕಿಲ್ಲ ಎಂದುಕೊಂಡಿದ್ದೆ. ಹಡಗನ್ನು ನಂಬಿದರು, ಎಲೆಕ್ಟ್ರಿಕಲ್ಲನ್ನೂ ನಂಬಿದರು. ಆಫೀಸರ್ ಅನ್ನುವುದನ್ನು ಮಾತ್ರ ನಂಬಲಿಲ್ಲ.

ಮೊದಲ ಸಲ ರಜೆಗೆ ಬಂದಾಗ ಕಟ್ಟೆಯ ಮೇಲೆ ಕೂತಿದ್ದ ಕಾಕಾ ವಿಚಾರಣೆ ನಡೆಸಿದರು.

"ಹಡಗಿನ್ಯಾಗ ಏನ್ ಕೆಲಸಪಾ ನಿಂದು?"

"ಕರೆಂಟಿನ ಕೆಲಸ ಕಾಕಾ. ಲೈಟು, ಮೋಟ್ರು, ಜನರೇಟರ್, ಎಲ್ಲಾ ನಂದೇ."

"ಅಂದ್ರ ಲೈನ್‌ಮನ್."

"ಅಲ್ಲ ಕಾಕಾ, ಆಫೀಸರ್."

"ಆಯ್ತಪಾ, ಆಫೀಸರ್. ಕಂಬ ಹತ್ತತೀಯೋ ಇಲ್ಲೋ?"

ಸುಳ್ಳು ಹೇಳಲಾಗಲಿಲ್ಲ. ಹಡಗಿನ ಮಾಸ್ಟಿನ ತುದಿಯಲ್ಲಿ ಉರಿಯುವ ದೀಪ ಹೋದರೆ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಹತ್ತುವವನು ನಾನೇ. ಒಂದೇ ವ್ಯತ್ಯಾಸ, ನಮ್ಮೂರಿನ ಕಂಬ ಅಲುಗಾಡುವುದಿಲ್ಲ. ಕಾಕಾ ತೀರ್ಪು ಕೊಟ್ಟರು: "ಕಂಬ ಹತ್ಲಾಕ ಅಷ್ಟು ದೂರ ಹೋಗಬೇಕಾಗಿತ್ತೇನು? ಇಲ್ಲೇನ್ ಕಂಬ ಕಮ್ಮಿ ಅವನಾ?"

ಬೀದರಿಗೂ ಸಮುದ್ರಕ್ಕೂ ಹಳೆಯ ನಂಟಿದೆ ಎಂದು ವಾದಿಸಿ ನೋಡಿದೆ. ಮಹಮೂದ್ ಗವಾನ್ 1453ರಲ್ಲಿ ಇರಾನಿನ ಕಡೆಯಿಂದ ಹಡಗು ಹತ್ತಿ ದಾಭೋಲ್ ಬಂದರಿನಲ್ಲಿ ಇಳಿದು, ಬೀದರಿಗೆ ಬಂದು, ವಜೀರನಾಗಿ ಮದರಸಾ ಕಟ್ಟಿಸಿದವನು. ರಷ್ಯಾದ ನಿಕಿತಿನ್ ಅದೇ ಶತಮಾನದಲ್ಲಿ ಹಡಗಿನಲ್ಲಿ ಒಂದು ಕುದುರೆ ತಂದು, ಕೊನೆಗೆ ಬೀದರಿನಲ್ಲಿ ಮಾರಿದವನು. ನನ್ನ ಲೆಕ್ಕದಲ್ಲಿ ಆ ಕುದುರೆಯೂ ಸರಕಿನ ಹಡಗಿನ ಅನುಭವಸ್ಥನೇ. ಕಾಕಾ ಎಲ್ಲ ಕೇಳಿ, "ಅವರೆಲ್ಲಾ ಇಲ್ಲಿಗಿ ಬಂದ್ರು. ನೀನು ಹೋದಿ" ಅಂದರು.

ಹಡಗಿನಲ್ಲೂ ನನ್ನ ಮರ್ಯಾದೆ ಇದಕ್ಕಿಂತ ಹೆಚ್ಚೇನಿಲ್ಲ. ಕಾಗದದಲ್ಲಿ ನಾನು ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್. ಈ ಹುದ್ದೆಗೆಂದೇ ಅಂತರರಾಷ್ಟ್ರೀಯ ಸರ್ಟಿಫಿಕೇಟು ಬಂದದ್ದು ನಾವಿಕರ ತರಬೇತಿ ನಿಯಮಗಳಿಗೆ 2010ರಲ್ಲಿ ಮನಿಲಾದಲ್ಲಿ ಆದ ತಿದ್ದುಪಡಿಗಳ ನಂತರ. ಆದರೆ ನಮ್ಮ ದೇಶದ ಖಲಾಸಿಗಳಿಗೆ ಮನಿಲಾ ಗೊತ್ತಿಲ್ಲ. ಅವರ ಬಾಯಲ್ಲಿ ಎಲೆಕ್ಟ್ರಿಕಲ್ ಆಫೀಸರನಿಗೆ ತಲೆತಲಾಂತರದಿಂದ ಇರುವ ಹೆಸರು ಒಂದೇ: ಬತ್ತಿ ಸಾಬ್. ಈ ಹೆಸರನ್ನು ಅವ್ವನಿಗೆ ಹೇಳಿದಾಗ ಆಕೆ ದೇವರ ದೀಪಕ್ಕೆ ಅರಳೆ ಹೊಸೆಯುತ್ತ ಕೂತಿದ್ದಳು. "ಹಂಗಾರ ನೀನು ಬತ್ತಿ ಹೊಸೀತಿ ಅನ್ನು" ಎಂದು ಅರ್ಧ ಅರಳೆ ನನ್ನ ಕಡೆ ತಳ್ಳಿದಳು.

ಹಡಗಿನಲ್ಲಿ ಎರಡು ಜಾತಿ: ಮೇಲಿನ ಡೆಕ್ಕಿನವರು, ಕೆಳಗಿನ ಎಂಜಿನಿನವರು. ಬತ್ತಿ ಸಾಬ್ ಎರಡಕ್ಕೂ ಸೇರಿದವನು. ಮೇಲೆ ರಾಡಾರ್ ಕೆಟ್ಟರೆ ಅವರು ಕರೆಯುತ್ತಾರೆ, ಕೆಳಗೆ ಪಂಪಿನ ಮೋಟಾರು ಸುಟ್ಟರೆ ಇವರು ಕರೆಯುತ್ತಾರೆ. ನಮ್ಮೂರಿನಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹಮದ್ ಶಾಹನೂ ಹೀಗೆಯೇ. ಮುಸ್ಲಿಮರಿಗೆ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಅವನನ್ನು ಎರಡೂ ಕಡೆಯವರು ವರ್ಷಕ್ಕೊಮ್ಮೆ ಕರೆದರೆ, ನನ್ನನ್ನು ರಾತ್ರಿ ಎರಡು ಗಂಟೆಗೆ ಕರೆಯುತ್ತಾರೆ.

ಕರೆದಾಗಿನ ಕೆಲಸ ಸಾಮಾನ್ಯವಾಗಿ ಒಂದೇ, ಅರ್ಥ್ ಫಾಲ್ಟ್. ಹಡಗಿನ ಕರೆಂಟು 440 ವೋಲ್ಟು, ಸೆಕೆಂಡಿಗೆ 60 ಆವರ್ತ. ಅದನ್ನು ಹಡಗಿನ ಮೈಗೆ ಎಲ್ಲೂ ತಾಗಿಸದೆ ಬೇರೆಯಾಗಿ ಇಟ್ಟಿರುತ್ತಾರೆ. ಒಂದು ತಂತಿ ಎಲ್ಲೋ ಉಕ್ಕಿಗೆ ತಾಗಿದರೂ ಲೈಟು ಹೋಗುವುದಿಲ್ಲ; ಬೋರ್ಡಿನ ಮೇಲೆ ಮುಳ್ಳು ಇಳಿದು 'ಎಲ್ಲೋ ಸೋರುತ್ತಿದೆ' ಅನ್ನುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಆಗ ಒಂದೊಂದೇ ಬ್ರೇಕರ್ ಆರಿಸುತ್ತ ಮುಳ್ಳು ಯಾವಾಗ ಮೇಲೇಳುತ್ತದೆ ಎಂದು ಕಾಯಬೇಕು. ಕಳ್ಳ ಹೆಚ್ಚಾಗಿ ಸಿಗುವುದು ಅಡುಗೆಮನೆಯ ಬಿಸಿತಟ್ಟೆಯಲ್ಲಿ, ಇಲ್ಲವೇ ಉಪ್ಪುನೀರು ಕುಡಿದ ಡೆಕ್ಕಿನ ಲೈಟಿನಲ್ಲಿ. ಅಡುಗೆಮನೆಯ ಬ್ರೇಕರ್ ಆರಿಸಿದ ದಿನ ಅನ್ನ ಅರ್ಧ ಬೇಯುತ್ತದೆ, ಅಡುಗೆಯವನು ಪೂರ್ತಿ ಬೇಯುತ್ತಾನೆ. ಮುಂದಿನ ಮೂರು ದಿನ ನನ್ನ ತಟ್ಟೆಗೆ ಬೀಳುವ ಕೋಳಿಯಲ್ಲಿ ಬರೀ ಕುತ್ತಿಗೆ.

ಮುಂಜಾನೆ ಸಂಜೆ, ಸರಕನ್ನು ತಂಪಾಗಿಡುವ ರೀಫರ್ ಕಂಟೇನರುಗಳ ಸುತ್ತ ಒಂದು ಪ್ರದಕ್ಷಿಣೆ. ಮೀನು ಮಾಂಸಕ್ಕೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಬಾಳೆಹಣ್ಣಿಗೆ 13 ಡಿಗ್ರಿಯ ಆಸುಪಾಸು. ಇದನ್ನು ಕೇಳಿ ಅವ್ವ ಬೀಸಣಿಗೆ ನಿಲ್ಲಿಸಿದಳು. "ಬಾಳಿಹಣ್ಣಿಗಿ ಭೀ ಎ.ಸಿ. ಹಾಕ್ತೀರಿ? ನಂಗ ಫ್ಯಾನ್ ತಿರಗಲಂಗಾಗಿ ನಾಕ್ ದಿನ ಆಯ್ತು."

ಫ್ಯಾನಿನ ಕಂಡೆನ್ಸರ್ ಬದಲಿಸಿದೆ. ಅಂದಿನಿಂದ ಓಣಿಯ ಮಿಕ್ಸರುಗಳೆಲ್ಲ ನಮ್ಮ ಮನೆಗೆ ಬಂದು ಸಾಲಾಗಿ ಕೂತವು.

ಹಡಗಿನಲ್ಲಿ ನಿಜವಾಗಿ ಹೆದರಬೇಕಾದದ್ದು ಬ್ಲ್ಯಾಕೌಟಿಗೆ. ನಮ್ಮೂರಿನಲ್ಲಿ ಲೈಟು ಹೋದರೆ ಜನ ಅಂಗಳಕ್ಕೆ ಹಾಸಿಗೆ ತಂದು ಮಲಗುತ್ತಾರೆ. ಹಡಗಿನಲ್ಲಿ ಲೈಟು ಹೋದರೆ ಮಲಗಿದವರೆಲ್ಲ ಏಳುತ್ತಾರೆ, ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ತಿಂಗಳುಗಟ್ಟಲೆ ಕಿವಿಯಲ್ಲಿದ್ದ ಗಾಳಿಯಂತ್ರ, ಎಂಜಿನ್ನು ಎಲ್ಲವೂ ಒಮ್ಮೆಗೇ ಸುಮ್ಮನಾದರೆ ಎದೆ ಬಡಿತ ಕೇಳಿಸತೊಡಗುತ್ತದೆ. ನಿಯಮದ ಪ್ರಕಾರ ತುರ್ತು ಜನರೇಟರ್ ತಾನಾಗಿಯೇ ಚಾಲೂ ಆಗಿ 45 ಸೆಕೆಂಡಿನೊಳಗೆ ಕರೆಂಟು ಕೊಡಬೇಕು. ಆ 45 ಸೆಕೆಂಡು ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ. ಕತ್ತಲಲ್ಲಿ ನನ್ನ ಮುಖ ಅವರಿಗೆ ಹೇಗೆ ಕಾಣುತ್ತದೋ ನನಗೆ ಇಂದಿಗೂ ತಿಳಿದಿಲ್ಲ.

ಹೋದ ರಜೆಯಲ್ಲಿ ಮಿಕ್ಸರುಗಳಿಂದ ತಪ್ಪಿಸಿಕೊಂಡು ಗುಂಬಜುಗಳ ಕಡೆ ಹೋದೆ. ಅಲ್ಲಿ ಅಹಮದ್ ಶಾಹನ ಮೊಮ್ಮಗ ಹುಮಾಯೂನನ ಗುಂಬಜ್ ಅರ್ಧ ಕಡಿದ ತೆಂಗಿನಕಾಯಿಯಂತೆ ನಿಂತಿದೆ. ಅವನು 1458ರಿಂದ 1461ರವರೆಗೆ ಆಳಿ ಕ್ರೂರಿ ಎಂಬ ಬಿರುದು ಪಡೆದವನು. ಸಿಡಿಲು ಬಡಿದು ಗುಂಬಜ್ ಒಡೆಯಿತು. ಪಾಪದ ಫಲ ಎನ್ನುತ್ತಾರೆ ಊರವರು. ಬತ್ತಿ ಸಾಬನ ಪ್ರಕಾರ ಅದು ಅರ್ಥಿಂಗ್ ಇಲ್ಲದ್ದರ ಫಲ. ಕಾಕಾನ ಮುಂದೆ ಮಾತ್ರ ಇದನ್ನು ಹೇಳಿಲ್ಲ. ಹೇಳಿದರೆ ಉಳಿದ ಗುಂಬಜುಗಳಿಗೆ ತಂತಿ ಕಟ್ಟಲು ನನ್ನನ್ನೇ ಹತ್ತಿಸುತ್ತಾರೆ.

ಅವನ ಅಜ್ಜ ಅಹಮದ್ ಶಾಹನ ಗುಂಬಜಿನ ಒಳಗೆ ಗೋಡೆಯಿಂದ ಚಾವಣಿಯವರೆಗೆ ಬಣ್ಣ, ಬಂಗಾರದ ಅಕ್ಷರ. ಒಳಗೆ ಮಬ್ಬುಗತ್ತಲೆ. ಕಾವಲಿನ ಚಾಚಾ ಬಾಗಿಲ ಬಳಿ ನಿಂತು ಕನ್ನಡಿಯೊಂದನ್ನು ಬಿಸಿಲಿಗೆ ಹಿಡಿದರು. ಬೆಳಕು ಒಳಗೆ ಹಾರಿ ಚಾವಣಿಯ ಮೇಲೆ ಹರಿದಾಡಿತು. ಅದು ಹೋದಲ್ಲೆಲ್ಲ ಕೆಂಪು, ಬಂಗಾರ ಎದ್ದು ಬಂದವು. ತಂತಿಯಿಲ್ಲ, ಬ್ರೇಕರಿಲ್ಲ, ಸೋರಿಕೆಯಿಲ್ಲ. ನಾನು ತಲೆಯೆತ್ತಿ ಬಾಯಿ ತೆರೆದು ನಿಂತಿರುವಾಗಲೇ ಮೋಡವೊಂದು ಅಡ್ಡ ಬಂದು ಎಲ್ಲ ಆರಿಹೋಯಿತು.

"ಲೈಟ್ ಗಯಾ" ಅಂದರು ಚಾಚಾ. ಕನ್ನಡಿಯನ್ನು ಗೋಡೆಗೆ ಒರಗಿಸಿ, "ರುಕೋ ಬೇಟಾ, ಆತಾ" ಎಂದು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದರು.

ಅಭ್ಯಾಸಬಲದಿಂದ ನಾನು ಗಡಿಯಾರ ನೋಡಿಕೊಂಡೆ. ಬೆಳಕು ಮತ್ತೆ ಬಂದಾಗ ನಾಲ್ಕು ನಿಮಿಷವಾಗಿತ್ತು. ಅಷ್ಟು ಹೊತ್ತೂ ಯಾರೂ ನನ್ನ ಮುಖ ನೋಡಲಿಲ್ಲ.