ನಿಶಾಚರ ವಿದ್ಯುತ್: ಮಾರುತಿ 800ರ ಬ್ಯಾಟರಿಕ್ಷಯ ಮೀಮಾಂಸೆ

ಬ್ಯಾಟರಿಕ್ಷಯದ ವಿಷಯದಲ್ಲಿ ಅವಳಿ ನಗರದಲ್ಲಿ ಎರಡು ದರ್ಶನಗಳಿವೆ. ಧಾರವಾಡದ್ದು ಇಳಿಜಾರುವಾದ. ಏರಿಳಿತದ ಊರು, ಹಳೆ ಕಾರಿನ ಯಜಮಾನರು ರಾತ್ರಿ ಗಾಡಿಯ ಮೂತಿ ಕೆಳಗಾಗಿ ನಿಲ್ಲಿಸುತ್ತಾರೆ, ಬೆಳಿಗ್ಗೆ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡುತ್ತಾರೆ, ಸಮಸ್ಯೆ ನಾಳೆಗೆ ಹೋಗುತ್ತದೆ. ಹುಬ್ಬಳ್ಳಿಯದು ನವಬ್ಯಾಟರಿವಾದ. ವ್ಯಾಪಾರದ ಊರು, ಹಳೆಯದನ್ನು ತೂಕಕ್ಕೆ ಹಾಕಿ ಹೊಸದನ್ನು ಕೂಡಿಸಿದರೆ ಸಂಶಯನಿವೃತ್ತಿ. ರಾತ್ರಿಯಲ್ಲಿ ಕರೆಂಟು ಹೋಗುವುದೆಲ್ಲಿಗೆ ಎಂದು ಎರಡೂ ಮತದವರು ಕೇಳಿದಂತಿಲ್ಲ. ಶಾಸ್ತ್ರದ ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಧಾರವಾಡದ ಮಾಳಮಡ್ಡಿಯಲ್ಲಿ 1996ರ ಒಂದು ಮಾರುತಿ 800 ಇದೆಯೆಂದು ಇಟ್ಟುಕೊಳ್ಳೋಣ. ಅದರ ಯಜಮಾನರು ನಿವೃತ್ತ ಪ್ರಾಧ್ಯಾಪಕರು, ವಿಷಯ ತರ್ಕಶಾಸ್ತ್ರ. ಗಾಡಿಯನ್ನು ಎರಡು ದಿನ ಮುಟ್ಟದಿದ್ದರೆ ಮೂರನೇ ಬೆಳಿಗ್ಗೆ ಚಾವಿ ತಿರುವಿದಾಗ 'ಟಕ್' ಎಂದಷ್ಟೇ ಉತ್ತರ. ಚಾರ್ಜ್ ಮಾಡಿಸಿದರೆ ಮತ್ತೆರಡು ದಿನ ಸುಖ.

ಇಲ್ಲಿ ಮೀಮಾಂಸಕರ ಅರ್ಥಾಪತ್ತಿ ಪ್ರಮಾಣ ನೆರವಿಗೆ ಬರುತ್ತದೆ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಿರಲೇಬೇಕು. ಅದೇ ರೀತಿ, ಎಲ್ಲ ಬಂದ್ ಮಾಡಿದ ಗಾಡಿಯಲ್ಲಿ ಬ್ಯಾಟರಿ ಇಳಿದರೆ ಉಣ್ಣುವವನೊಬ್ಬ ಒಳಗಿದ್ದಾನೆ. (ಅರ್ಥಾಪತ್ತಿ ಬೇರೆ ಪ್ರಮಾಣವೇ ಅಲ್ಲ, ಅನುಮಾನದೊಳಗೇ ಬರುತ್ತದೆ ಎಂದು ನೈಯಾಯಿಕರು ತಕರಾರು ತೆಗೆಯುತ್ತಾರೆ. ಅವರು ಚಿಗರಿ ಬಸ್ಸಿನಲ್ಲಿ ಓಡಾಡುವವರಿರಬೇಕು.)

ಪೂರ್ವಪಕ್ಷ: ಬ್ಯಾಟರಿಯೇ ಮುದಿಯಾಗಿರಬಹುದಲ್ಲ? ಆಗಿರಬಹುದು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಟ್ಟಿದ ಸೀಸ-ಆಮ್ಲದ ಬ್ಯಾಟರಿಯ ವಂಶವೇ ಇದು. ಬರಿದಾಗಿ ಬಿದ್ದುಕೊಂಡರೆ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆದರೆ ಪರಿಹಾರ ಸುಲಭ. ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿಟ್ಟು, ಎರಡು ದಿನ ಬಿಟ್ಟು ಅಳೆಯಬೇಕು. ಆರು ಕೋಶಗಳು ಸೇರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಬ್ಯಾಟರಿ ನಿರ್ದೋಷಿ, 12ಕ್ಕೆ ಇಳಿದಿದ್ದರೆ ಹುಬ್ಬಳ್ಳಿ ಮತಕ್ಕೆ ಜಯ. ಮಾಳಮಡ್ಡಿಯ ಬ್ಯಾಟರಿ ಎರಡು ದಿನದ ಏಕಾಂತದ ನಂತರವೂ 12.6 ತೋರಿಸಿತು.

ಇನ್ನು ಪ್ರತ್ಯಕ್ಷ. ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ, 10 ಆಂಪಿಯರ್ ಗುರುತಿನಲ್ಲಿಟ್ಟ ಮಲ್ಟಿಮೀಟರ್ ಕೂಡಿಸುವುದು ವಿಧಿ. ನಿಷೇಧ ಎರಡು. ಮೊದಲನೆಯದು, ಚಾವಿ ತಿರುವಬಾರದು: ಸ್ಟಾರ್ಟರ್ ಮೋಟಾರಿನ ಹಸಿವು ಹತ್ತಕ್ಕೆ ತೀರುವುದಲ್ಲ, ಮೀಟರಿನ ಫ್ಯೂಸ್ ಹುತಾತ್ಮವಾಗುತ್ತದೆ. ಎರಡನೆಯದು, ಬಾಗಿಲಿನ ಸ್ವಿಚ್ ಒತ್ತಿಹಿಡಿಯದೆ ಬಾಗಿಲು ತೆರೆಯಬಾರದು. ತೆರೆದರೆ ಒಳಗಿನ ದೀಪ ಹತ್ತಿ, ಸಂಶೋಧಕ ತನ್ನ ಕುತೂಹಲವನ್ನೇ ಅಳೆದಂತಾಗುತ್ತದೆ. ಡಿಕ್ಕಿಯಲ್ಲಿ ದೀಪವಿರುವ ದೊಡ್ಡ ಗಾಡಿಗಳಲ್ಲಿ, ಮುಚ್ಚಿದ ಮೇಲೂ ಅದು ಉರಿಯುತ್ತದೆಯೋ ಎಂಬ ಪ್ರಾಚೀನ ಸಮಸ್ಯೆಯನ್ನು ವಿಡಿಯೋ ಚಾಲೂ ಮಾಡಿದ ಮೊಬೈಲನ್ನು ಒಳಗಿಟ್ಟು ಬಗೆಹರಿಸುತ್ತಾರೆ.

ಮೀಟರು ತೋರಿಸಿದ್ದು 0.60. ಕಾರ್ಬ್ಯುರೇಟರಿನ ಗಾಡಿ, ನಿದ್ದೆಯಲ್ಲೂ ಯೋಚಿಸುವ ಕಂಪ್ಯೂಟರು ಅದರಲ್ಲಿಲ್ಲ. ಗಡಿಯಾರ, ಟೇಪಿನ ನೆನಪು ಎಲ್ಲ ಸೇರಿದರೂ 0.05 ದಾಟಬಾರದು. 35 ಆಂಪಿಯರ್-ಅವರ್ ಬ್ಯಾಟರಿಯನ್ನು 0.60 ಸುಮಾರು 58 ಗಂಟೆಯಲ್ಲಿ ಮುಗಿಸುತ್ತದೆ, ಸ್ಟಾರ್ಟರ್ ಅದಕ್ಕೂ ಮೊದಲೇ ಕೈಯೆತ್ತುತ್ತದೆ. 'ಮೂರನೇ ಬೆಳಿಗ್ಗೆ' ಎಂಬ ಯಜಮಾನರ ಹೇಳಿಕೆ ಹೀಗೆ ಗಣಿತದಿಂದಲೂ ಸಿದ್ಧವಾಯಿತು.

ಬಳಿಕ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಮೀಟರು ನೋಡಿ, ಮರಳಿ ಕೂಡಿಸುವ ವ್ರತ. ಟೇಪಿನ ಫ್ಯೂಸ್ ಕಿತ್ತಾಗ 0.60 ಇದ್ದದ್ದು 0.18ಕ್ಕೆ ಬಿತ್ತು. ಮಿಸ್ತ್ರಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಭಾಷ್ಯ ಬರೆದ: "ಸರ್ರ, ಹಳದಿ ವೈರಿಗೇ ಕೆಂಪು ವೈರ್ ಸುತ್ಯಾರ ನೋಡ್ರಿ. ಚಾವಿ ಇಲ್ದನೂ ಹಾಡು ಹತ್ಲಿ ಅಂತ."

ಹಳದಿ ಸದಾ ಬ್ಯಾಟರಿಗೆ ಅಂಟಿಕೊಂಡಿರಬೇಕಾದದ್ದು, ಆಕಾಶವಾಣಿ ಧಾರವಾಡದ ಸ್ಟೇಷನ್ನನ್ನು ನೆನಪಿಡಲಿಕ್ಕೆ. ಕೆಂಪು ಚಾವಿಯ ಅಧೀನ. ಎರಡನ್ನೂ ಒಂದೇ ಎನ್ನುವ ಈ ಅದ್ವೈತದಿಂದ ಟೇಪು, ಅದರ ಬೆನ್ನಿಗಿದ್ದ ಆಂಪ್ಲಿಫೈಯರು ಎರಡೂ ರಾತ್ರಿಯಿಡೀ ಎಚ್ಚರವಾಗಿದ್ದವು. ಪ್ರಾಧ್ಯಾಪಕರು ದ್ವೈತವನ್ನು ಒಪ್ಪಿ ವೈರು ಬೇರ್ಪಡಿಸಲು ಹೇಳಿದರು.

ಉಳಿದ 0.18 ಮಾತ್ರ ಎಲ್ಲ ಫ್ಯೂಸ್ ಕಿತ್ತರೂ ಅಲುಗಲಿಲ್ಲ. ಶಾಸ್ತ್ರಜ್ಞರು ಹಿಂಜರಿಯುವುದು ಇಲ್ಲೇ. ಆಲ್ಟರ್ನೇಟರಿನ ದಪ್ಪ ವೈರು ಈ ಫ್ಯೂಸುಗಳ ಹಂಗಿಲ್ಲದೆ ನೇರ ಬ್ಯಾಟರಿಗೆ ಹೋಗುತ್ತದೆ; ಒಳಗಿನ ಡಯೋಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕು, ಕೆಟ್ಟರೆ ಹಗಲು ತುಂಬಿದ್ದನ್ನು ರಾತ್ರಿ ತಾನೇ ಹಿಂದಕ್ಕೆಳೆಯುತ್ತದೆ. ಬ್ಯಾಟರಿಯ ಕೇಬಲ್ ಬಿಡಿಸಿ ಆ ವೈರು ಕಳಚಿ, ತುದಿಗೆ ಇನ್ಸುಲೇಷನ್ ಟೇಪು ಸುತ್ತಿ, ಮತ್ತೆ ಮೀಟರು ಕೂಡಿಸಿದಾಗ ಅಂಕಿ 0.01.

ಪ್ರಾಧ್ಯಾಪಕರು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ವಿಚಾರಿಸಿ, ದೋಷ ಒಂದೇ ಡಯೋಡಿನದು, ಅದೊಂದನ್ನೇ ಕೊಡಿ ಎಂದು ತರ್ಕಬದ್ಧವಾಗಿ ವಾದಿಸಿದರು. ಅಂಗಡಿಯವನ ಸಿದ್ಧಾಂತ ಚಿಕ್ಕದಾಗಿತ್ತು: "ಒಂದ ಸಿಗೂದಿಲ್ರಿ ಸರ್ರ, ಪೂರಾ ಪ್ಲೇಟ ತಗೋಬೇಕು."