‘ಮಂಚೂರಿಯಾಕ್ಕೂ ನನಗೂ ಸಂಬಂಧವಿಲ್ಲ’: ಗೋಬಿ ಗಾಡಿಯ ಬಾಂಡ್ಲಿಯೊಂದಿಗೆ ಮಾತುಕತೆ

ಹಾಸನದಲ್ಲಿ ಚೈನೀಸ್ ತಿನ್ನುವುದೆಂದರೆ ಎಲ್ಲೋ ಹೋಗಿ ಕೂರುವುದಲ್ಲ, ಗಾಡಿ ಮುಂದೆ ಹೋಗಿ ನಿಲ್ಲುವುದು. ಸಂಜೆ ಐದೂವರೆಗೆ ಗಾಡಿ ತಳ್ಳಿಕೊಂಡು ಬಂದು, ಚಕ್ರಕ್ಕೆ ಕಲ್ಲು ಕೊಟ್ಟು, ಬಲ್ಬು ಹಾಕಿ, ಸಿಲಿಂಡರ್ ತಿರುಗಿಸಿದರೆ ಅಂಗಡಿ ತೆರೆದಂತೆ. ಹಲಗೆಯ ಮೇಲೆ ಕೆಂಪು ಡ್ರ್ಯಾಗನ್ನು, ಅದರ ಪಕ್ಕದಲ್ಲೇ ದೇವರ ಫೋಟೊ, ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿ. ಗೋಬಿ ಬಗ್ಗೆ ಪತ್ರಿಕೆಗಳು ಡಾಕ್ಟರನ್ನು ಕೇಳಿವೆ, ಮಂತ್ರಿಗಳನ್ನು ಕೇಳಿವೆ, ತಿನ್ನುವವರನ್ನೂ ಕೇಳಿವೆ. ಬೆಂಕಿಯ ಮೇಲೆ ಕೂತವರನ್ನು ಮಾತ್ರ ಯಾರೂ ಕೇಳಲಿಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಸೇವೆ ಮುಗಿಸಿ ಈಗ ಜಿಲ್ಲಾ ಕೇಂದ್ರಕ್ಕೆ ಬಂದಿರುವ ಕಬ್ಬಿಣದ ಬಾಂಡ್ಲಿಯೊಬ್ಬರು ಒಲೆ ಹಚ್ಚುವ ಮುಂಚಿನ ಬಿಡುವಿನಲ್ಲಿ ಸಿಕ್ಕರು. ತಳ ಕಪ್ಪು, ಅಂಚು ಸೊಟ್ಟ, ಮಾತು ನೆಟ್ಟಗೆ.

ಪ್ರಶ್ನೆ: ನಮಸ್ಕಾರ. ನೀವು ಚೀನಾದಿಂದ ಬಂದವರೇ?

ಬಾಂಡ್ಲಿ: ಯಾರ್ ಸಾರ್ ಹೇಳಿದ್ದು? ಬೋರ್ಡ್ ಚೈನೀಸು, ನಾನಲ್ಲ. ನನ್ನನ್ನ ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲಿ ಕೊಂಡ್ಕೊಂಡ್ ಬಂದ್ರು. ಮೊದಲು ಮದುವೆ ಮನೇಲಿ ಬೋಂಡ ಕರೀತಿದ್ದೆ. ಮಾಲೀಕರ ಮಗ ಬೆಂಗಳೂರಿಗೆ ಹೋಗಿ ಒಂದು ವರ್ಷ ಸೌಟು ತಿರುವಿ ಬಂದ, ಒಂದೇ ರಾತ್ರಿಗೆ ನಾನೂ ಚೈನೀಸ್ ಆದೆ.

ಪ್ರಶ್ನೆ: ಆದರೆ ಮಂಚೂರಿಯಾ ಎಂಬುದು ಚೀನಾದ ಈಶಾನ್ಯದ ಸೀಮೆಯಲ್ಲವೇ?

ಬಾಂಡ್ಲಿ: ಅದೆ, ಆದ್ರೆ ಅಲ್ಲಿಯೋರಿಗೆ ಈ ಪ್ಲೇಟಿನ ಪರಿಚಯ ಇಲ್ಲ. ಇದು ಹುಟ್ಟಿದ್ದು ಮುಂಬೈನಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಬಾಣಸಿಗರು, ನೆಲ್ಸನ್ ವಾಂಗ್ ಅಂತ, 1975ರಲ್ಲಿ ಕ್ರಿಕೆಟ್ ಕ್ಲಬ್ಬಲ್ಲಿ ಅಡುಗೆ ಮಾಡ್ತಿದ್ರು. ಯಾರೋ ಬಂದು ಹೊಸದೇನಾದ್ರೂ ಮಾಡ್ಕೊಡಿ ಅಂದ್ರಂತೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕುದ್ರು. ಅಲ್ಲೀಗಂಟ ನಮ್ಮ ಸಾರಿನ ಒಗ್ಗರಣೆನೇ ಬಿಡಿ. ಆಮೇಲೆ ಗರಂ ಮಸಾಲೆ ಹಾಕೋ ಕಡೆ ಸೋಯಾ ಸಾಸ್ ಹಾಕ್ಬಿಟ್ರು, ಕಾರ್ನ್‌ಫ್ಲೋರ್ ಕಲಸಿ ಗಟ್ಟಿ ಮಾಡುದ್ರು. ಅದು ಕೋಳಿ. ನಮ್ಮ ಕಡೆ ಬರೋ ಹೊತ್ತಿಗೆ ಕೋಳಿ ಇಳಿದು ಹೋಗಿ ಕೋಸು ಹತ್ತಿ ಕೂತಿತ್ತು.

ಪ್ರಶ್ನೆ: ಅದೂ ಹೂಕೋಸೋ, ಎಲೆಕೋಸೋ? ಜನರಿಗೆ ಅನುಮಾನವಿದೆ.

ಬಾಂಡ್ಲಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಹೂಕೋಸಿನ ರೇಟು ಇಳಿದಾಗ ಹೂಕೋಸು. ಏರಿದಾಗ ಎಲೆಕೋಸು. ಸಣ್ಣಗೆ ಹೆಚ್ಚಿ, ಮೈದಾ ಕಾರ್ನ್‌ಫ್ಲೋರಲ್ಲಿ ಕಲಸಿ, ಉಂಡೆ ಬಿಟ್ಟು ಕರಿದ್ರೆ ಹೆತ್ತ ತಾಯಿಗೂ ಗುರುತು ಸಿಗಲ್ಲ. ಬಿಎಸ್ಸಿ ಓದೋ ಹುಡುಗ ಒಬ್ಬ ಇಲ್ಲೇ ನಿಂತ್ಕಂಡು ಸ್ನೇಹಿತರಿಗೆ ಪಾಠ ಮಾಡ್ತಿದ್ದ: ಎರಡೂ ಒಂದೇ ಪ್ರಭೇದ, ಬ್ರಾಸಿಕಾ ಒಲೆರೇಸಿಯಾ. ಮಾಲೀಕರು ಅವತ್ತು ಅವನಿಗೆ ಎರಡು ತುಂಡು ಜಾಸ್ತಿ ಹಾಕುದ್ರು. ಮೋಸ ಅಂತ ಅನುಮಾನ ಇದ್ದಿದ್ದು ವಿಜ್ಞಾನ ಆಗೋಯ್ತಲ್ಲ.

ಪ್ರಶ್ನೆ: ನಿಮ್ಮ ಸೇವಾ ದಾಖಲೆ ಹೇಳಿ.

ಬಾಂಡ್ಲಿ: ಮೊದಲ ಪೋಸ್ಟಿಂಗ್ ಅರಕಲಗೂಡು. ಹೊಗೆಸೊಪ್ಪಿನ ಸೀಮೆ. ರಾತ್ರಿಯೆಲ್ಲ ಬ್ಯಾರನ್ ಮುಂದೆ ಸೌದೆ ಒಟ್ಟಿ ಸೊಪ್ಪು ಬೇಯಿಸೋರು, ಬೆಂಕಿ ಮರ್ಮ ನನಗಿಂತ ಚೆನ್ನಾಗಿ ಗೊತ್ತು. ‘ಉರಿ ಜಾಸ್ತಿಯಾಯ್ತು ಕಣಯ್ಯ’ ಅಂತ ದೂರದಿಂದ್ಲೇ ಹೇಳೋರು. ರಾಮನಾಥಪುರದ ಹರಾಜು ಮಾರ್ಕೆಟ್ಟಲ್ಲಿ ಬೇಲ್‌ಗೆ ಒಳ್ಳೆ ರೇಟು ಸಿಕ್ಕಿದ ದಿನ ಮನೆಮಂದಿಗೆಲ್ಲ ಫುಲ್ ಪ್ಲೇಟ್, ಮೇಲೆ ಪಾರ್ಸಲ್. ರೇಟು ಬಿದ್ದ ದಿನ ಯಜಮಾನರು ಒಬ್ಬರೇ ಬಂದು ಹಾಫ್ ಪ್ಲೇಟ್ ತಿಂದು, ಬಾಯಿ ಒರೆಸ್ಕಂಡು, ಬಸ್ ಹತ್ತೋರು. ಸರಾಸರಿ ದರ ಪೇಪರಲ್ಲಿ ಬರೋ ಮುಂಚೆ ನನಗೆ ಗೊತ್ತಾಗ್ತಿತ್ತು ಸಾರ್.

ಆಮೇಲೆ ಹೊಳೆನರಸೀಪುರಕ್ಕೆ ವರ್ಗ. ದೇಶಕ್ಕೆ ಪ್ರಧಾನಿ ಕೊಟ್ಟ ತಾಲ್ಲೂಕು. 1996ರಿಂದೀಚೆಗೆ ಅಲ್ಲಿಯೋರಿಗೆ ಸಣ್ಣ ವಿಷಯ ಹಿಡಿಸಲ್ಲ. ಒಂದು ಎಗ್ ನೂಡಲ್ಸ್ ಆಗೋಷ್ಟರಲ್ಲಿ ಸರ್ಕಾರ ಬೀಳ್ಸಿ, ಹೊಸ ಮಂತ್ರಿಮಂಡಲ ಕಟ್ಟಿ, ಖಾತೆ ಹಂಚಿ, ‘ಅಣ್ಣಾ, ಸಾಸ್ ಸ್ವಲ್ಪ ಮುಂದೆ ಹಾಕು’ ಅನ್ನೋರು. ಒಂದು ಪಾರ್ಟಿಯೋರು ಗಾಡಿಯ ಈ ಕಡೆ, ಇನ್ನೊಂದು ಪಾರ್ಟಿಯೋರು ಆ ಕಡೆ. ನೂಡಲ್ಸ್ ಎಸೆದಾಗ ಯಾವ ಕಡೆಗೆ ವಾಲ್ತು ಅಂತಾನೂ ಲೆಕ್ಕ ಇಡೋರು.

ಪ್ರಶ್ನೆ: ಚನ್ನರಾಯಪಟ್ಟಣ?

ಬಾಂಡ್ಲಿ: ನನ್ನ ಕೈ ಚುರುಕಾಗಿದ್ದೇ ಅಲ್ಲಿ. ಬೆಂಗಳೂರು–ಮಂಗಳೂರು ಹೈವೇ ಊರು, ಯಾರಿಗೂ ಪುರುಸೊತ್ತಿಲ್ಲ. ಭಾನುವಾರ ರಾತ್ರಿ ನೋಡ್ಬೇಕು, ಊರಿಗೆ ಬಂದ ಹುಡುಗ್ರು ಬೆಂಗಳೂರಿಗೆ ವಾಪಸ್ ಹೊರಟಿರ್ತಾರೆ. ಬೆನ್ನಿಗೆ ಬ್ಯಾಗು. ಅದರೊಳಗೆ ಅವ್ವ ಕಟ್ಟಿಕೊಟ್ಟ ರಾಗಿಹಿಟ್ಟು, ಕೊಬ್ಬರಿ, ಉಪ್ಪಿನಕಾಯಿ ಬಾಟ್ಲು. ಕೈಯಲ್ಲಿ ಗೋಬಿ. ಕಂಡಕ್ಟರ್ ಸೀಟಿ ಊದುದ್ರೆ ಅರ್ಧ ಬಾಯಿಗೆ, ಅರ್ಧ ಬಸ್ಸಿಗೆ. ಒಂದ್ಸಲ ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರು ಬಂದ್ರು. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಶುಂಠಿ ಬೇಡ, ಮಂಚೂರಿ ಮಾತ್ರ ಬೇಕು ಅಂದ್ರು. ಮಾಲೀಕರು ಲೆಕ್ಕ ಹಾಕುದ್ರು. ಉಳಿದಿದ್ದು ಕಲರ್ ಒಂದೇ.

ಪ್ರಶ್ನೆ: ಆ ಮಾತಿಗೇ ಬರೋಣ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿಗೆ ಕೃತಕ ಬಣ್ಣ ಹಾಕುವುದಕ್ಕೆ ನಿಷೇಧ ಪ್ರಕಟಿಸಿದರು. ಪರೀಕ್ಷೆಗೆ ತೆಗೆದುಕೊಂಡ 171 ಮಾದರಿಗಳಲ್ಲಿ 107 ಅಸುರಕ್ಷಿತ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಸಿಕ್ಕವು. ತಪ್ಪಿದರೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ನಿಮಗೆ ನಾಚಿಕೆಯಾಗಲಿಲ್ಲವೇ?

ಬಾಂಡ್ಲಿ: ನಾಚಿ ಕೆಂಪಗಾದ್ರೂ ಕೇಸ್ ಹಾಕ್ತಾರೆ ಅಂತ ಸುಮ್ನಿದ್ದೆ.

ಪ್ರಶ್ನೆ: ತಮಾಷೆ ಬೇಡ.

ಬಾಂಡ್ಲಿ: ಸರಿ, ನಡೆದಿದ್ದು ಹೇಳ್ತೀನಿ. ಸುದ್ದಿ ಬಂದ ಮಾರನೇ ದಿನ ಮಾಲೀಕರು ಪುಡಿ ಡಬ್ಬ ಎತ್ತಿ ಚರಂಡಿಗೆ ಸುರುದ್ರು. ಎರಡು ಮನೆ ಆಚೆಗಂಟ ಚರಂಡಿ ಕುಂಕುಮದ ಹಂಗೆ ಹರೀತು. ಅದನ್ನ ನೋಡಿ ನನಗೇ ಮೈ ಜುಮ್ ಅಂತು. ಇಷ್ಟು ದಿನ ಇದು ನನ್ನ ಮೈಮೇಲಿಂದ ಹಾದು ಯಾರ್ಯಾರ ಹೊಟ್ಟೆಗೆ ಹೋಯ್ತು ಅಂತ. ಅವತ್ತು ಸಂಜೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಅರೆದು ಹಾಕುದ್ರು. ಖಾರ ಕಮ್ಮಿ, ಬಣ್ಣ ಬತ್ತದೆ ಅಂತ. ಬಂತು. ಆದ್ರೆ ಅದು ಹುಣಸೆಹಣ್ಣಿನ ಗೊಜ್ಜಿನ ಬಣ್ಣ.

ದಿನಾ ಬರೋ ಗಿರಾಕಿ ಒಬ್ಬರು ಬಂದ್ರು. ಅವರೇ ಬೆಳಿಗ್ಗೆ ಬೀದಿ ಗ್ರೂಪಿಗೆಲ್ಲ ‘ಗೋಬಿ ತಿನ್ನುವವರೇ ಎಚ್ಚರ’ ಅಂತ ಮೆಸೇಜ್ ಹಾಕಿದ್ದೋರು, ಕೆಳಗೆ ಮೂರು ಕೈಮುಗಿದ ಬೊಂಬೆ. ಪ್ಲೇಟ್ ಇಸ್ಕಂಡ್ರು, ಬಲ್ಬಿನ ಕೆಳಗೆ ಹಿಡಿದು ನೋಡುದ್ರು. ‘ಏನಪ್ಪಾ, ಕಾಯಿಲೆ ಬಿದ್ದೋರ ಹಂಗದೆ?’ ಅಂದ್ರು. ಕಲರ್ ಬ್ಯಾನ್ ಆಗದೆ ಸಾರ್ ಅಂದ ಗಾಡಿ ಹುಡುಗ. ‘ಅಯ್ಯೋ, ಅದು ಬೇರೆಯೋರಿಗೆ, ನಾವೇನು ಹೊಸಬರಾ?’ ಅಂದ್ರು. ಇದಕ್ಕೆ ಯಾವ ಕಾಯ್ದೆ ಹಾಕ್ತೀರಿ? ಪುಡಿ ಡಬ್ಬದಲ್ಲಿತ್ತು, ನಿಜ. ಆದ್ರೆ ಬೇಡಿಕೆ ಡಬ್ಬದಲ್ಲಿರಲಿಲ್ಲ. ಒಂದು ವಾರ ಪಕ್ಕದ ಗಾಡಿ ಮುಂದೆ ಜನವೋ ಜನ. ಯಾಕೆ ಅಂತ ಹೇಳಬೇಕಾ?

ಪ್ರಶ್ನೆ: ಪಕ್ಕದ ಗಾಡಿಯವರು ಬಣ್ಣ ಹಾಕುತ್ತಿದ್ದರು ಎಂದು ಹೇಳುತ್ತಿದ್ದೀರಾ?

ಬಾಂಡ್ಲಿ: ಅವರ ಬಾಂಡ್ಲಿನೇ ಕೇಳಿ. ನಾವು ಒಬ್ಬರ ಮೇಲೊಬ್ಬರು ಸಾಕ್ಷಿ ಹೇಳಲ್ಲ. ಅದೇ ವರ್ಷ ಜೂನಲ್ಲಿ ಕಬಾಬಿಗೂ ಮೀನಿಗೂ ಅದೇ ಆಜ್ಞೆ ಬಂತು. ಅಲ್ಲೀಗಂಟ ಕಬಾಬಿನ ಗಾಡಿಯೋರು ನಮ್ಮನ್ನ ನೋಡಿ ನಗ್ತಿದ್ರು.

ಪ್ರಶ್ನೆ: ಟೇಸ್ಟಿಂಗ್ ಪೌಡರ್?

ಬಾಂಡ್ಲಿ: 1908ರಲ್ಲಿ ಇಕೆಡಾ ಅನ್ನೋ ಜಪಾನಿನ ಪ್ರೊಫೆಸರು ಸಮುದ್ರದ ಪಾಚಿ ಸಾರಿನಿಂದ ತೆಗೆದಿದ್ದು. ಹಿಡಿ ಹಿಡಿ ಹಾಕು ಅಂತ ಅವರು ಹೇಳಿದ್ದಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ಮುದ್ದೆ, ಉಪ್ಸಾರು, ಅಕ್ಕಿರೊಟ್ಟಿಯ ನಾಡಿಗೆ ನೀವು ಪರದೇಶದ ರುಚಿ ತಂದು ಹಾಳು ಮಾಡಿದಿರಿ ಎಂಬ ಆರೋಪವಿದೆ.

ಬಾಂಡ್ಲಿ: ಹಾಸನದ ಆಲೂಗಡ್ಡೆ ಅಂತ ಎದೆ ತಟ್ಕೊತೀರಲ್ಲ, ಅದು ಎಲ್ಲಿಂದ ಬಂತು? ದಕ್ಷಿಣ ಅಮೆರಿಕದ ಬೆಟ್ಟದಿಂದ. ಇವತ್ತಿಗೂ ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಲಾರೀಲಿ ಎಪಿಎಂಸಿಗೆ ಬಂದು ಇಳೀತದೆ. ಅಂಗಮಾರಿ ಹೊಡೆದ ವರ್ಷ ರೈತರು ಅತ್ತಿದ್ದಾರೆ, ‘ಇದು ಪರದೇಶದ್ದು, ಹೋಗ್ಲಿ ಬಿಡು’ ಅಂದೋರು ಒಬ್ಬರೂ ಇಲ್ಲ. ನಿಮ್ಮ ಉಪ್ಸಾರಿನ ಖಾರದ ಮೆಣಸಿನಕಾಯಿ ಪೋರ್ಚುಗೀಸರ ಹಡಗಲ್ಲಿ ಬಂತು. ನನ್ನ ಒಬ್ಬನ ಜಾತಕ ಯಾಕೆ ತೆಗೀತೀರಿ?

ಪ್ರಶ್ನೆ: ನೂಡಲ್ಸ್ ನಮ್ಮ ಒತ್ತು ಶ್ಯಾವಿಗೆಯ ತಮ್ಮ ಎಂದು ಕೆಲವು ಸಂಸ್ಕೃತಿ ಚಿಂತಕರು...

ಬಾಂಡ್ಲಿ: ಆ ಚಿಂತಕರು ಶ್ಯಾವಿಗೆ ಒತ್ತಿದ್ದಾರಾ ಕೇಳಿ. ಅಕ್ಕಿಹಿಟ್ಟು ಬೇಯಿಸಿ, ಬಿಸಿ ಆರೋ ಮುಂಚೆ ಒರಳಿಗೆ ತುಂಬಿ, ಇಬ್ಬರು ಜೋತು ಬಿದ್ದು ಒತ್ತಬೇಕು. ಕಾಯಿಹಾಲು ಬೇರೆ ಆಗ್ಬೇಕು. ಇಲ್ಲಿ ಮಧ್ಯಾಹ್ನವೇ ನೂಡಲ್ಸ್ ಬೇಯಿಸಿ, ಎಣ್ಣೆ ಸವರಿ, ಬೇಸಿನ್ನಲ್ಲಿ ಹರಡಿ ಇಟ್ಟಿರ್ತಾರೆ. ಗಿರಾಕಿ ಬಂದ್ರೆ ಒಂದು ಹಿಡಿ ಕೋಸು, ಕ್ಯಾರೆಟ್, ಕ್ಯಾಪ್ಸಿಕಂ, ದೊಡ್ಡ ಉರಿ, ಟಕಟಕ ಟಕಟಕ, ಎರಡು ನಿಮಿಷ. ಶ್ಯಾವಿಗೆ ಅಂದ್ರೆ ಮನೆ ಹೆಂಗಸರ ರಟ್ಟೆ. ಅದನ್ನ ಹೊಗಳೋರು ಸಂಜೆ ಇಲ್ಲಿ ಬಂದು ನಿಲ್ತಾರೆ. ಹೊಗಳಿಸ್ಕಂಡೋರೂ ಬಂದು ನಿಲ್ತಾರೆ ಅನ್ನಿ. ಒಂದು ಹೊತ್ತಾದ್ರೂ ಒಲೆ ಮುಂದೆ ಬೇರೆಯೋರು ಬೇಯಲಿ ಅಂತ.

ಪ್ರಶ್ನೆ: ಈಗ ಪಕ್ಕದಲ್ಲಿ ಮೊಮೊ ಗಾಡಿಯೂ ಬಂದಿದೆ. ಪೈಪೋಟಿ ಹೇಗಿದೆ?

ಬಾಂಡ್ಲಿ: ಅಂತಸ್ತಿನ ಮೇಲೆ ಅಂತಸ್ತು ಇಟ್ಕಂಡಿರೋ ಆ ಅಲ್ಯೂಮಿನಿಯಂ ಪಾತ್ರೆ ಬಗ್ಗೆ ಕೇಳ್ತಿದ್ದೀರಾ? ಸದ್ದಿಲ್ಲ ಗದ್ದಲವಿಲ್ಲ, ಹಬೇಲೇ ಬೇಯಿಸ್ತದೆ. ನಮ್ಮ ಇಡ್ಲಿ ಪಾತ್ರೆ ವಂಶ ಇರಬೇಕು. ಮೊಮೊ ನಮಗೆ ದೂರದ್ದೇನಲ್ಲ ಸಾರ್. ಅರಕಲಗೂಡು ದಾಟಿ ಕುಶಾಲನಗರದ ಕಡೆ ಹೋದ್ರೆ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಟಿಬೆಟ್ಟಿನೋರು ಅಲ್ಲಿ ಜೋಳ ಬೆಳ್ಕಂಡು, ಮೊಮೊ ಬೇಯಿಸ್ಕಂಡು ಇದ್ದಾರೆ. ನಮ್ಮೋರು ಚಿನ್ನದ ಬುದ್ಧನ್ನ ನೋಡೋಕೆ ಹೋಗೋರು, ಕೈಮುಗಿದು, ಫೋಟೊ ತೆಗೆಸ್ಕಂಡು, ಬುತ್ತಿ ಚಿತ್ರಾನ್ನ ತಿಂದು ವಾಪಸ್ ಬರೋರು. ಅಷ್ಟು ಹತ್ತಿರದ ಮೊಮೊ ದಿಲ್ಲಿ, ಬೆಂಗಳೂರು ಸುತ್ತಿ, ಮೊಬೈಲಲ್ಲಿ ಫೇಮಸ್ ಆಗಿ ಆಮೇಲೆ ಹಾಸನಕ್ಕೆ ಬಂತು. ಮೊನ್ನೆ ಸಕಲೇಶಪುರದ ಕಡೆಯ ಅಜ್ಜಿ ಒಬ್ಬರು ಮೊಮ್ಮಗಳ ಜೊತೆ ಬಂದಿದ್ರು. ಒಂದನ್ನ ಎತ್ತಿ ಹಿಂದೆ ಮುಂದೆ ನೋಡಿ, ‘ಕಡುಬು ಮಾಡೋಕೆ ಬರದೋರು ಮಡಿಸಿದ್ದಾರೆ’ ಅಂದ್ರು. ತಿಂದ್ರು. ಕೆಂಪು ಚಟ್ನಿ ಎರಡನೇ ಸಲ ಹಾಕಿಸ್ಕಂಡ್ರು.

ಪ್ರಶ್ನೆ: ಸ್ವಚ್ಛತೆ? ತಟ್ಟೆಗೆ ಪ್ಲಾಸ್ಟಿಕ್ ಕವರ್ ಹೊದಿಸಿ ಕೊಡುತ್ತೀರಿ. ಏಕಬಳಕೆ ಪ್ಲಾಸ್ಟಿಕ್ ರಾಜ್ಯದಲ್ಲಿ 2016ರಿಂದಲೇ ನಿಷಿದ್ಧ.

ಬಾಂಡ್ಲಿ: ತಟ್ಟೆ ತೊಳೆಯೋಕೆ ನೀರು ಬೇಕು, ನೀರಿಗೆ ನಲ್ಲಿ ಬೇಕು, ನಲ್ಲಿಗೆ ನಮಗೊಂದು ಜಾಗ ಬೇಕು. ನಮ್ಮ ಜಾಗ ಅಂದ್ರೆ ಪೊಲೀಸ್ ಜೀಪು ಬರೋಗಂಟ ನಿಂತಿರೋ ಜಾಗ. ನಲ್ಲಿ ಹಾಕ್ಕೊಡಿ, ತಟ್ಟೆ ರೈನ್‌ಕೋಟ್ ಬಿಚ್ಚುತದೆ.

ಪ್ರಶ್ನೆ: ಸಸ್ಯಾಹಾರಿಗಳು ‘ಬಾಂಡ್ಲಿ ಬೇರೆ ಇದೆಯಾ’ ಎಂದು ಕೇಳುತ್ತಾರಂತೆ.

ಬಾಂಡ್ಲಿ: ದಿನಾ ಕೇಳ್ತಾರೆ. ಹುಡುಗ ಒಂದು ಸೌಟು ನೀರು ಹುಯ್ದು, ಒಂದು ಸುತ್ತು ತಿಕ್ಕಿ, ಬಗ್ಗಿಸಿ ಚೆಲ್ತಾನೆ. ‘ಬೇರೆ ಮಾಡ್ದೆ ಸಾರ್’ ಅಂತಾನೆ. ಸುಳ್ಳಲ್ಲ, ಆ ಕ್ಷಣಕ್ಕೆ ನಾನು ಬೇರೆ. ಸೋಮವಾರ, ಶನಿವಾರ ನಾನೂ ಶುದ್ಧ ಸಸ್ಯಾಹಾರಿ, ಮೊಟ್ಟೆ ಟ್ರೇ ಗಾಡಿ ಕೆಳಗೆ ಹೋಗಿ ಕೂರ್ತದೆ. ಶ್ರಾವಣದಲ್ಲಿ ಮೊಟ್ಟೆಗೆ ತಿಂಗಳಿಡೀ ರಜ. ಆದ್ರೆ ಒಂದು ಗಮನಿಸಿ. ‘ಬಾಂಡ್ಲಿ ಬೇರೆನಾ’ ಅಂತ ಕೇಳ್ತಾರೆ. ಪಕ್ಕದಲ್ಲಿ ನಿಂತು ತಿನ್ನೋರು ಯಾವ ಕೇರಿಯೋರು ಅಂತ ಕೇಳಲ್ಲ. ಮದುವೆ ಮನೇಲಿ ಬೋಂಡ ಕರೀವಾಗ ನಾನು ಪಂಕ್ತಿ ನೋಡಿದ್ದೀನಿ, ಯಾರು ಮೊದಲು, ಯಾರು ಆಮೇಲೆ, ಯಾರು ಹಿತ್ತಲಲ್ಲಿ ಅಂತ. ಇಲ್ಲಿ ಕೂರೋಕೆ ಜಾಗವೇ ಇಲ್ವಲ್ಲ, ಪಂಕ್ತಿ ಎಲ್ಲಿಂದ ಹಾಕ್ತಾರೆ?

ಪ್ರಶ್ನೆ: ಹಾಸನದ ಗಿರಾಕಿಗಳು ಹೇಗೆ?

ಬಾಂಡ್ಲಿ: ಕಾಲೇಜು ಹುಡುಗ್ರು ಜಾಸ್ತಿ. ಒಂದು ಹಾಫ್ ಪ್ಲೇಟಿಗೆ ನಾಲ್ಕು ಟೂತ್‌ಪಿಕ್ ಕೇಳ್ತಾರೆ. ಕೊನೆ ತುಂಡನ್ನ ಯಾರೂ ಮುಟ್ಟಲ್ಲ, ‘ನೀನ್ ತಗೊ’ ‘ನೀನ್ ತಗೊ’ ಅಂತ. ಅದನ್ನ ತಗೊಂಡೋನು ದುಡ್ಡು ಕೊಡಬೇಕಲ್ಲ. ಇನ್ನು ತಾಯಂದಿರು. ‘ಬೀದಿಯದು ತಿನ್ಬೇಡ’ ಅಂತ ಮಗನ್ನ ಎಳ್ಕಂಡ್ ಹೋಗ್ತಾರೆ. ಒಂಬತ್ತು ಗಂಟೆಗೆ ಅವರೇ ಸ್ಕೂಟರಲ್ಲಿ ಬಂದು, ಸೆರಗು ತಲೆ ಮೇಲೆ ಎಳ್ಕಂಡು, ‘ಎರಡು ಪಾರ್ಸಲ್, ಡ್ರೈ’ ಅಂತಾರೆ.

ಪ್ರಶ್ನೆ: ಹಾಸನಾಂಬೆ ದರ್ಶನದ ದಿನಗಳಲ್ಲಿ ವ್ಯಾಪಾರ ಜೋರೇ?

ಬಾಂಡ್ಲಿ: ವರ್ಷಕ್ಕೊಮ್ಮೆ ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ ಗುಡಿ ಬಾಗಿಲು ತೆಗೀತಾರೆ, ಬಲಿಪಾಡ್ಯಮಿ ಆದ ಮೇಲೆ ಹಾಕ್ತಾರೆ. ಆ ದಿನಗಳಲ್ಲಿ ಊರಿಗೆ ಊರೇ ಸರತಿ ಸಾಲು. ಅಲ್ಲಿ 300ರ ಟಿಕೆಟ್ಟು, 1000ದ ಟಿಕೆಟ್ಟು, ಪಾಸಿನೋರು, ಪಾಸಿನೋರ ಜೊತೆಯೋರು. ನಮ್ಮ ಗಾಡೀಲಿ ಎಲ್ಲರಿಗೂ ಧರ್ಮದರ್ಶನವೇ. ರಾತ್ರಿ ಎರಡು ಗಂಟೆಗೆ ಸಾಲಲ್ಲಿ ನಿಂತು ಕಾಲು ಸೋತೋರು ಬಂದು, ಮೆಲ್ಲಗೆ ‘ಈರುಳ್ಳಿ ಹಾಕ್ಬೇಡಿ, ಇನ್ನೂ ದೇವಿ ದರ್ಶನ ಆಗಿಲ್ಲ’ ಅಂತಾರೆ.

ಪ್ರಶ್ನೆ: ಕೊನೆಯ ಪ್ರಶ್ನೆ. ತಪಾಸಣೆಗೆ ಯಾರಾದರೂ ಬಂದಿದ್ದರೇ?

ಬಾಂಡ್ಲಿ: ಯಾಕೆ ಬರಲ್ಲ? ಒಬ್ಬರು ಬಂದ್ರು. ಸಾಸ್ ಬಾಟ್ಲು ತಿರುಗಿಸಿ ಓದುದ್ರು, ಎಣ್ಣೆ ಬಗ್ಗಿ ಮೂಸುದ್ರು, ನನ್ನ ಒಳಗೆ ಬಿಳಿ ಬಟ್ಟೆ ಒರೆಸಿ ನೋಡುದ್ರು. ಕೆಂಪು ಬರಲಿಲ್ಲ, ಕಪ್ಪು ಬಂತು. ‘ಪರವಾಗಿಲ್ಲ, ಹಿಂಗೇ ಇರ್ಲಿ’ ಅಂತ ಬರಕೊಂಡ್ರು. ಆಮೇಲೆ ಮಾಲೀಕರು ಬಲವಂತ ಮಾಡಿದ್ದಕ್ಕೆ ಒಂದು ಹಾಫ್ ಪ್ಲೇಟ್ ತಗೊಂಡು, ದುಡ್ಡೂ ಕೊಟ್ರು, ಸುಳ್ಳು ಹೇಳಬಾರದು. ಎರಡು ತುಂಡು ಅಗಿದು, ಪ್ಲೇಟನ್ನ ಬಲ್ಬಿನ ಹತ್ರ ಹಿಡಿದು, ‘ಏನೋ ಕಮ್ಮಿಯಾಗದೆ ಅಲ್ವೇನಯ್ಯ?’ ಅಂದ್ರು.